ಡ್ರಿಲ್ಲಿಂಗ್ ಮಷೀನಿಗೆ ಲೇಸರ್: ಗುರಿ ತಪ್ಪದಂತೆ ಹೊಂದಿಸುವುದು ಹೇಗೆ?

ಬೆಂಚ್ ಡ್ರಿಲ್ಲಿಗೆ ಲೇಸರ್ ಹಾಕಿಸಿಕೊಂಡ ಎಷ್ಟೋ ಮಂದಿ ಕೆಲವೇ ವಾರಗಳಲ್ಲಿ ಅದರ ಸ್ವಿಚ್ ಮುಟ್ಟುವುದನ್ನೇ ಬಿಟ್ಟುಬಿಡುತ್ತಾರೆ. ಯಾಕೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಗೆರೆ ತೋರಿಸೋದು ಒಂದು ಕಡೆ, ತೂತು ಬೀಳೋದು ಇನ್ನೊಂದು ಕಡೆ." ಸಾಮಾನ್ಯವಾಗಿ ಲೇಸರ್ ಕೆಟ್ಟಿರುವುದಿಲ್ಲ. ಒಂದು ಹಲಗೆ ಇಟ್ಟು, ಅದರ ಮೇಲೆ ಗೆರೆ ಕೂರಿಸಿ, ಸ್ಕ್ರೂ ಬಿಗಿದು ಮುಗಿಸಿರುತ್ತಾರೆ. ಹಲಗೆಯ ದಪ್ಪ ಬದಲಾದ ಕೂಡಲೇ ಗುರಿ ತಪ್ಪುತ್ತದೆ. ಒಂದೇ ಎತ್ತರದಲ್ಲಿ ಹೊಂದಿಸಿದ ಲೇಸರನ್ನು ನಂಬಬೇಡಿ, ಎರಡು ಎತ್ತರದಲ್ಲಿ ಪರೀಕ್ಷಿಸಿದ್ದನ್ನು ಧಾರಾಳವಾಗಿ ನಂಬಿ. ಆ ಪರೀಕ್ಷೆಯನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ. ಹೊಂದಿಸಿದ ಮೇಲೆ ಕೈ ಕುದುರಲಿ ಎಂದು ಹಲಸಿನ ಹಲಗೆಯಲ್ಲಿ ಒಂದು ಅಳಗುಳಿಮಣೆ ಕೊರೆಯುವ ಕ್ರಮವೂ ಇದೆ.

ಗೆರೆ ಸರಿಯುವುದೇಕೆ

ಮರಗೆಲಸದ ಡ್ರಿಲ್ಲಿಗೆ ಬರುವ ಲೇಸರುಗಳಲ್ಲಿ ಹೆಚ್ಚಿನವು ಚುಕ್ಕೆ ಬಿಡುವುದಿಲ್ಲ, ಗೆರೆ ಬಿಡುತ್ತವೆ. ಎರಡು ಪುಟ್ಟ ಲೇಸರ್ ಕೊಳವೆಗಳು ಡ್ರಿಲ್ಲಿನ ಕಂಬದ ಎಡಕ್ಕೊಂದು ಬಲಕ್ಕೊಂದು ಕೂತಿರುತ್ತವೆ. ಒಂದೊಂದರ ಮುಂದೆಯೂ ಇರುವ ಮಸೂರ ಬೆಳಕನ್ನು ತೆಳುವಾದ ಹಾಳೆಯ ಹಾಗೆ ಬಿಡಿಸಿ ಕಳಿಸುತ್ತದೆ. ಆ ಹಾಳೆ ಮರಕ್ಕೆ ತಾಗಿದ ಜಾಗ ನಮಗೆ ಗೆರೆಯಾಗಿ ಕಾಣುತ್ತದೆ. ಎರಡು ಗೆರೆ ಕೂಡುವಲ್ಲಿ ತೂತಿನ ಮಧ್ಯ.

ಕೋಣೆಯ ಎರಡು ಗೋಡೆ ಸೇರುವ ಮೂಲೆಯನ್ನು ನೋಡಿ. ಗೋಡೆಗಳು ನೆಟ್ಟಗಿದ್ದರೆ ಆ ಮೂಲೆ ನೆಲದಲ್ಲೂ ಸೂರಿನಲ್ಲೂ ಒಂದೇ ಜಾಗದಲ್ಲಿರುತ್ತದೆ. ಒಂದು ಗೋಡೆ ವಾಲಿದ್ದರೆ ಮೇಲೆ ಹೋದ ಹಾಗೆ ಮೂಲೆ ಸರಿಯುತ್ತಾ ಹೋಗುತ್ತದೆ. ಲೇಸರಿನ ಎರಡು ಬೆಳಕಿನ ಹಾಳೆಗಳದ್ದೂ ಇದೇ ಲೆಕ್ಕ. ಎರಡೂ ಹಾಳೆಗಳು ಬಿಟ್ ತಿರುಗುವ ನಡುಗೆರೆಯ ಮೂಲಕವೇ ನೆಟ್ಟಗೆ ಹಾದುಹೋದರೆ ಹಲಗೆ ತೆಳ್ಳಗಿರಲಿ, ದಪ್ಪಗಿರಲಿ, ಗುರಿ ಕದಲುವುದಿಲ್ಲ. ಒಂದು ಹಾಳೆ ಬರೀ 1 ಡಿಗ್ರಿ ವಾಲಿದ್ದರೂ 40 ಮಿ.ಮೀ. ಎತ್ತರದ ವ್ಯತ್ಯಾಸಕ್ಕೆ ಗೆರೆ ಸುಮಾರು 0.7 ಮಿ.ಮೀ. ಸರಿಯುತ್ತದೆ. 100 ಮಿ.ಮೀ.ಗೆ 1.7 ಮಿ.ಮೀ., ನಮ್ಮ ಆಚಾರ್ರ ಅಳತೆಯಲ್ಲಿ ಅರ್ಧ ಸೂತಕ್ಕಿಂತ ಹೆಚ್ಚು (ಒಂದು ಸೂತ ಅಂದರೆ ಇಂಚಿನ ಎಂಟರಲ್ಲೊಂದು ಪಾಲು). ಬಾಗಿಲಿನ ಹಿಂಜ್ ಕೂರದೇ ಇರುವುದಕ್ಕೆ ಅಷ್ಟು ಸಾಕು.

ಚುಕ್ಕೆ ಬಿಡುವ ಒಂಟಿ ಲೇಸರನ್ನು ಪಕ್ಕದಿಂದ ಓರೆಯಾಗಿ ಹಾಯಿಸಿದರೆ ಅದು ಒಂದೇ ಎತ್ತರಕ್ಕೆ ಸರಿ. ಅದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಕೊಳ್ಳುವಾಗ

ನಮ್ಮಲ್ಲಿ ಸಿಗುವ 13 ಮಿ.ಮೀ. ಚಕ್ಕಿನ (ಚಕ್ ಅಂದರೆ ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ) ಬೆಂಚ್ ಡ್ರಿಲ್ಲುಗಳಲ್ಲಿ ಬಹುಪಾಲಿಗೆ ಲೇಸರ್ ಜೊತೆಗೇ ಬರುವುದಿಲ್ಲ, ಕಂಬಕ್ಕೆ ಕಚ್ಚಿಸುವ ಪಟ್ಟಿ ಇರುವುದನ್ನು ಬೇರೆಯಾಗಿ ತರಿಸಬೇಕು. ಆರ್ಡರ್ ಮಾಡುವ ಮೊದಲು ಕಂಬದ ವ್ಯಾಸವನ್ನು ವರ್ನಿಯರಿನಲ್ಲಿ ಅಳೆಯಿರಿ. ಪಟ್ಟಿಯ ಬಾಯಿ ದೊಡ್ಡದಿದ್ದರೆ ರಬ್ಬರ್ ತುಂಡು ತುರುಕಿ ಕೂರಿಸುವ ಆಸೆಯಾಗುತ್ತದೆ. ರಬ್ಬರ್ ಅದುಮಿಕೊಳ್ಳುತ್ತದೆ, ಮೋಟಾರಿನ ಅದುರಿಗೆ ಲೇಸರ್ ಜರುಗುತ್ತದೆ. ತೆಳ್ಳನೆಯ ಅಲ್ಯೂಮಿನಿಯಂ ತಗಡು ಸುತ್ತಿದರೆ ಬಿಗಿಯಾಗಿ ನಿಲ್ಲುತ್ತದೆ.

ಬಣ್ಣದ ವಿಚಾರದಲ್ಲಿ ನಮ್ಮ ಮರಗಳನ್ನು ನೋಡಿ ತೀರ್ಮಾನ ಮಾಡಿ. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮಾಸಲು ಬಣ್ಣದ್ದು, ಅದರ ಮೇಲೆ ಕೆಂಪು ಗೆರೆ ಚೆನ್ನಾಗಿ ಕಾಣುತ್ತದೆ. ಹೊಸದಾಗಿ ಕೊಯ್ದ ಹಲಸಿನ ಹಳದಿಯ ಮೇಲೂ ತೊಂದರೆ ಇಲ್ಲ. ಹೊನ್ನೆಯ ಮೇಲೆ, ಹಳೇ ಮನೆ ಕೆಡವಿದಾಗ ಸಿಕ್ಕ ಕಪ್ಪಿಟ್ಟ ತೊಲೆಗಳ ಮೇಲೆ ಕೆಂಪು ಗೆರೆ ಮಂಕಾಗುತ್ತದೆ. ಕಣ್ಣಿಗೆ ಹಸಿರು ಬೆಳಕು ಹೆಚ್ಚು ಚುರುಕಾಗಿ ಕಾಣುವುದರಿಂದ ಅಂಥ ಮರವೇ ನಿಮ್ಮ ದಿನದ ಕೆಲಸವಾಗಿದ್ದರೆ ಹಸಿರು ಲೇಸರ್ ತರಿಸಿ. ಇಲ್ಲವಾದರೆ ಗುರುತು ಹಾಕುವ ಜಾಗಕ್ಕೆ ಬಿಳಿ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡರೂ ಆಯಿತು, ಪೆನ್ಸಿಲ್ ಗೆರೆಯೂ ಅದರ ಮೇಲೆ ಸೊಗಸಾಗಿ ನಿಲ್ಲುತ್ತದೆ.

ಪೊಟ್ಟಣದ ಮೇಲೆ ಕ್ಲಾಸ್ 2 ಎಂದು ಬರೆದಿರಲಿ. ಅಂದರೆ 1 ಮಿಲಿವ್ಯಾಟಿಗಿಂತ ಹೆಚ್ಚು ಶಕ್ತಿ ಇಲ್ಲದ್ದು. ಆಕಸ್ಮಿಕವಾಗಿ ಕಣ್ಣಿಗೆ ಬಿದ್ದರೂ ರೆಪ್ಪೆ ತಾನಾಗಿ ಮುಚ್ಚಿಕೊಂಡು ಕಾಪಾಡುತ್ತದೆ. ಬೇಕೆಂದೇ ದಿಟ್ಟಿಸಿ ನೋಡಲು ಇದು ಪರವಾನಗಿ ಅಲ್ಲ. ಹೊಳೆಯುವ ಚಕ್ ಮತ್ತು ಹೊಸ ಬಿಟ್‌ಗಳಿಂದ ಬೆಳಕು ಹಿಂದಕ್ಕೆ ಹಾರುತ್ತದೆ ಎಂಬುದೂ ನೆನಪಿರಲಿ.

ಲೇಸರ್ ಹಾಕುವ ಮೊದಲು ಟೇಬಲ್ ನೋಡಿ

ಟೇಬಲ್ಲೇ ವಾಲಿದ್ದರೆ ಲೇಸರ್ ಏನು ಮಾಡೀತು? ತೂತಿನ ಬಾಯಿ ಸರಿಯಾದ ಜಾಗದಲ್ಲಿದ್ದು ಹಲಗೆಯ ಹಿಂಬದಿಯಲ್ಲಿ ಬೇರೆಲ್ಲೋ ಹೊರಬರುತ್ತದೆ. ಮೊದಲು ಪ್ಲಗ್ ಕಿತ್ತಿಡಿ. ಗಟ್ಟಿ ತಂತಿಯೊಂದನ್ನು ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ಎರಡು ಕಡೆ ಬಗ್ಗಿಸಿ, ಒಂದು ತುದಿಯನ್ನು ಚಕ್ಕಿಗೆ ಕೊಟ್ಟು, ಇನ್ನೊಂದು ತುದಿ ನಡುವಿನಿಂದ ಸುಮಾರು 80 ಮಿ.ಮೀ. ದೂರದಲ್ಲಿ ಟೇಬಲ್ಲಿಗೆ ತಾಗುವಂತೆ ಮಾಡಿ. ಚಕ್ಕನ್ನು ಕೈಯಲ್ಲಿ ತಿರುಗಿಸಿ. ಎಡ, ಬಲ, ಹಿಂದೆ, ಮುಂದೆ ನಾಲ್ಕೂ ಕಡೆ ತಂತಿಯ ತುದಿ ಒಂದೇ ಸಮನಾಗಿ ಸವರಬೇಕು. ಒಂದು ಕಡೆ ಸಂದು ಬಿಟ್ಟರೆ ಎಡಬಲದ್ದನ್ನು ಟೇಬಲ್ ಕೆಳಗಿನ ಬೋಲ್ಟ್ ಸಡಿಲಿಸಿ ಸರಿಮಾಡಬಹುದು. ಹಿಂದುಮುಂದಿನದ್ದಕ್ಕೆ ಹೆಚ್ಚಿನ ಮಷೀನುಗಳಲ್ಲಿ ತಿರುಪು ಇರುವುದಿಲ್ಲ. ಟೇಬಲ್ ಮೇಲೆ ಪ್ಲೈವುಡ್ ಹಾಸು ಹಾಕಿ, ಅದರಡಿ ಒಂದು ಬದಿಗೆ ಕಾಗದದ ಪಟ್ಟಿ ಕೊಟ್ಟು ಸಮ ಮಾಡಿಕೊಳ್ಳಬೇಕು.

ಎರಡು ಎತ್ತರದ ಪರೀಕ್ಷೆ

ಇದಕ್ಕೆ ಬೇಕಾದ್ದು ಒಂದು ಮೊನೆಯ ಸರಳು. 8 ಮಿ.ಮೀ. ದಪ್ಪದ, ಅರ್ಧ ಅಡಿಗಿಂತ ಕಡಿಮೆ ಉದ್ದದ ನೇರ ಸರಳಿಗೆ ಲೇತ್ ಅಂಗಡಿಯಲ್ಲಿ ಮೊನೆ ತೆಗೆಸಿ. ಸೂಜಿಯಷ್ಟಲ್ಲದಿದ್ದರೂ ಕಾಗದದಲ್ಲಿ ಸಣ್ಣ ಚುಕ್ಕೆ ಬೀಳಿಸುವಷ್ಟು ಚೂಪಿರಲಿ. ಜೊತೆಗೆ ಎರಡೂ ಮುಖ ಸಮ ಇರುವ 40 ಮಿ.ಮೀ. ದಪ್ಪದ ಮರದ ತುಂಡು, ಬಿಳಿ ಹಾಳೆ, ಟೇಪ್, ಒಂದೆರಡು ಸಿ ಕ್ಲಾಂಪ್, ಲೇಸರಿನ ಜೊತೆ ಬಂದ ಅಲೆನ್ ಕೀ.

ಎರಡನೆಯ ಎತ್ತರಕ್ಕಾಗಿ ಟೇಬಲ್ಲನ್ನೇ ಮೇಲೆ ಕೆಳಗೆ ಮಾಡುವುದು ಸುಲಭ ಅನ್ನಿಸುತ್ತದೆ. ಮಾಡಬೇಡಿ. ಬೆಂಚ್ ಡ್ರಿಲ್ಲಿನ ಕಂಬ ಉರುಟು. ಟೇಬಲ್ಲಿನ ಬಿಗಿ ಸಡಿಲಿಸಿದ ಕೂಡಲೇ ಅದು ಪಕ್ಕಕ್ಕೂ ತಿರುಗುತ್ತದೆ, ನೀವು ಚುಚ್ಚಿದ ಚುಕ್ಕೆ ಜಾಗ ಬಿಡುತ್ತದೆ. ಟೇಬಲ್ಲನ್ನು ಒಂದೇ ಕಡೆ ಬಿಗಿದಿಟ್ಟು, ಎತ್ತರವನ್ನು ಮರದ ತುಂಡಿನಿಂದ ಬದಲಿಸಬೇಕು. ಸಣ್ಣ ಮಷೀನುಗಳ ಚಕ್ ಕೆಳಗಿಳಿಯುವ ದೂರ ಸಾಮಾನ್ಯವಾಗಿ 50 ಮಿ.ಮೀ. ಆಸುಪಾಸು ಇರುವುದರಿಂದ 40 ಮಿ.ಮೀ. ತುಂಡು ಹದವಾಗಿ ಹೊಂದುತ್ತದೆ.

1. ಪ್ಲಗ್ ಕಿತ್ತಿರಲಿ. ಸರಳನ್ನು ಚಕ್ಕಿಗೆ ಬಿಗಿಯಿರಿ. ಟೇಬಲ್ ಮೇಲೆ ಹಾಳೆ ಅಂಟಿಸಿ. ಹ್ಯಾಂಡಲ್ ಪೂರ್ತಿ ಇಳಿಸಿದಾಗ ಮೊನೆ ಹಾಳೆಗೆ ತಾಗುವಷ್ಟು ಎತ್ತರಕ್ಕೆ ಟೇಬಲ್ ತಂದು ಗಟ್ಟಿಯಾಗಿ ಬಿಗಿಯಿರಿ.

2. ಮೊನೆಯನ್ನು ಹಾಳೆಗೆ ಹಗುರವಾಗಿ ತಾಗಿಸಿ ಚಕ್ಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಒಂದೇ ಚುಕ್ಕೆ ಬಿದ್ದರೆ ಸರಳು ನೆಟ್ಟಗಿದೆ. ಪುಟ್ಟ ಉಂಗುರ ಬಿದ್ದರೆ ಚಕ್ ಅಥವಾ ಸರಳು ತುಸು ಓಲಾಡುತ್ತಿದೆ ಎಂದರ್ಥ. ಗಾಬರಿ ಬೇಡ, ಆ ಉಂಗುರದ ಮಧ್ಯವೇ ನಿಜವಾದ ಗುರಿ. ಅಲ್ಲಿ ಪೆನ್ಸಿಲಿನ ಚುಕ್ಕೆ ಇಡಿ. ಉಂಗುರ 1 ಮಿ.ಮೀ.ಗಿಂತ ದೊಡ್ಡದಾದರೆ ಮೊದಲು ಚಕ್ ಕಳಚಿ ಅದರ ಕೋನಾಕಾರದ ಕೂರುಜಾಗವನ್ನು ಒರೆಸಿ ಮತ್ತೆ ಕೂರಿಸಿ.

3. ಹ್ಯಾಂಡಲ್ ಮೇಲೆ ಬಿಡಿ. ಈಗ ಎಡಗಡೆಯ ಲೇಸರ್ ಮಾತ್ರ ಉರಿಯಲಿ, ಬಲಗಡೆಯದರ ಬಾಯಿಗೆ ಕಪ್ಪು ಟೇಪ್ ಹಚ್ಚಿ. ಎರಡನ್ನೂ ಒಟ್ಟಿಗೆ ಹೊಂದಿಸಲು ಹೋದವರು ಸಂಜೆಯವರೆಗೂ ಅಲ್ಲೇ ಇರುತ್ತಾರೆ. ಲೇಸರ್ ಕೊಳವೆಯನ್ನು ಎಡಬಲಕ್ಕೆ ಹೊರಳಿಸಿ ಗೆರೆಯನ್ನು ಚುಕ್ಕೆಯ ಮೇಲೆ ತನ್ನಿ.

4. ಅದರ ಮೇಲೆ 40 ಮಿ.ಮೀ. ತುಂಡು ಇಟ್ಟು ಕ್ಲಾಂಪ್ ಹಾಕಿ, ತುಂಡಿನ ಮೇಲೂ ಹಾಳೆ ಅಂಟಿಸಿ, ಮೊನೆ ಇಳಿಸಿ ಇನ್ನೊಂದು ಚುಕ್ಕೆ ಚುಚ್ಚಿ. ಹ್ಯಾಂಡಲ್ ಬಿಟ್ಟು ನೋಡಿ. ಗೆರೆ ಈ ಚುಕ್ಕೆಯ ಮೇಲೂ ಹಾದರೆ ಎಡಗಡೆಯದು ಮುಗಿಯಿತು. ಸಾಮಾನ್ಯವಾಗಿ ಹಾಯುವುದಿಲ್ಲ.

5. ಗೆರೆ ಪಕ್ಕಕ್ಕೆ ಸರಿದಿದ್ದರೆ ಬೆಳಕಿನ ಹಾಳೆ ವಾಲಿದೆ. ಇದನ್ನು ಎಡಬಲ ಹೊರಳಿಸಿ ಸರಿಮಾಡಲಾಗದು. ಕೊಳವೆಯನ್ನು ಅದರ ಮನೆಯೊಳಗೇ, ತಿರುಪು ತಿರುಗಿಸಿದ ಹಾಗೆ, ಕೂದಲೆಳೆಯಷ್ಟು ಸುತ್ತಿಸಬೇಕು. ಯಾವ ದಿಕ್ಕಿಗೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಡೆಗೆ ಸುತ್ತಿ ನೋಡಿ, ತಪ್ಪು ಹೆಚ್ಚಾದರೆ ಇನ್ನೊಂದು ಕಡೆ.

6. ಸುತ್ತಿಸಿದ ಮೇಲೆ ಕೆಳಗಿನ ಚುಕ್ಕೆಯ ಗುರಿಯೂ ಅಷ್ಟಿಷ್ಟು ತಪ್ಪಿರುತ್ತದೆ. ತುಂಡು ತೆಗೆದು ಕೆಳಗಿನ ಚುಕ್ಕೆಗೆ ಎಡಬಲ ಹೊರಳಿಸಿ ಕೂರಿಸಿ, ತುಂಡು ಇಟ್ಟು ಮೇಲೆ ಹೊಸದಾಗಿ ಚುಕ್ಕೆ ಚುಚ್ಚಿ ನೋಡಿ, ಬೇಕಿದ್ದರೆ ಮತ್ತೆ ಸುತ್ತಿಸಿ. ಪ್ರತಿ ಸುತ್ತಿಗೂ ತಪ್ಪು ಕಿರಿದಾಗುತ್ತಾ ಬರುತ್ತದೆ. ಕೆಳಗೂ ಮೇಲೂ ಗೆರೆ ಚುಕ್ಕೆಯನ್ನು ಸರಿಯಾಗಿ ಸೀಳಿಕೊಂಡು ಹೋದಾಗ ನಿಲ್ಲಿಸಿ.

7. ಟೇಪ್ ಅದಲು ಬದಲು ಮಾಡಿ ಬಲಗಡೆಯ ಲೇಸರಿಗೂ ಇದನ್ನೇ ಮಾಡಿ. ಕೊನೆಗೆ ಎರಡೂ ಉರಿಸಿ ಎರಡೂ ಎತ್ತರದಲ್ಲಿ ನೋಡಿ.

ತಿರುಪುಗಳನ್ನು ಕೊನೆಯ ಬಾರಿ ಬಿಗಿಯುವಾಗಲೇ ಗೆರೆ ಜರುಗುವುದು ಹೆಚ್ಚು. ಒಂದನ್ನೇ ಒಮ್ಮೆಲೇ ಬಿಗಿಯದೆ ಎರಡೂ ಕಡೆಯದನ್ನು ಕಾಲು ಕಾಲು ಸುತ್ತು ಬಿಗಿಯುತ್ತಾ, ಕಣ್ಣು ಗೆರೆಯ ಮೇಲೇ ಇಟ್ಟಿರಿ.

ಇಷ್ಟೆಲ್ಲ ಮಾಡಿದ ಮೇಲೂ ಗೆರೆಗೆ ತನ್ನದೇ ದಪ್ಪ ಇದ್ದೇ ಇರುತ್ತದೆ, 1 ಮಿ.ಮೀ. ಹತ್ತಿರ. ಅದಕ್ಕಿಂತ ಸೂಕ್ಷ್ಮವಾದ ಕೆಲಸವನ್ನು ಲೇಸರಿನಿಂದ ಕೇಳಬೇಡಿ. ಅಲ್ಲಿಗೆ ನಡುವೆ ಮೊನೆಯಿರುವ ಬ್ರಾಡ್ ಪಾಯಿಂಟ್ ಬಿಟ್ ಮತ್ತು ಮೊಳೆಯಿಂದ ಹಾಕಿದ ಸಣ್ಣ ಕುಳಿ ಬೇಕು. ಮರವನ್ನು ಗುರುತಿನ ಹತ್ತಿರಕ್ಕೆ ಬೇಗ ತಂದು ನಿಲ್ಲಿಸುವುದು, ತಪ್ಪು ಜಾಗದಲ್ಲಿ ಕೊರೆಯದಂತೆ ತಡೆಯುವುದು ಲೇಸರಿನ ಕೆಲಸ. ಮರವನ್ನು ಹಿಡಿದುಕೊಳ್ಳುವ ಕೆಲಸ ಕ್ಲಾಂಪಿನದು.

ಅಳಗುಳಿಮಣೆ ಕೊರೆಯೋಣ

ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು ಹದಿನಾಲ್ಕು ಗುಳಿ. ಒಂದು ಗುಳಿ ಅರ್ಧ ಸೂತ ಆಚೀಚೆ ಆದರೂ ಕಣ್ಣಿಗೆ ಹೊಡೆಯುತ್ತದೆ. ಲೇಸರನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಕೆಲಸ ಗೊತ್ತಿಲ್ಲ ನನಗೆ.

ಚೆನ್ನಾಗಿ ಒಣಗಿದ ಹಲಸಿನ ಹಲಗೆ, 460 ಮಿ.ಮೀ. ಉದ್ದ, 150 ಅಗಲ, 38 ದಪ್ಪ. ಸಿಲ್ವರ್ ಓಕ್ ಆದರೂ ಆಗುತ್ತದೆ, ಅದರ ಬಲೆಯಂಥ ನಕ್ಷೆ ಪಾಲಿಷ್ ಮಾಡಿದ ಮೇಲೆ ಬಹಳ ಚಂದ. ಅದರ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಮಾಸ್ಕ್ ಮತ್ತು ಉದ್ದ ತೋಳಿನ ಬಿಗಿ ಅಂಗಿ ಇರಲಿ. ಉದ್ದದ ಎರಡು ಅಂಚುಗಳನ್ನು ರಂದಾ ಹೊಡೆದು ಒಂದಕ್ಕೊಂದು ಸಮಾನಾಂತರ ಮಾಡಿಕೊಳ್ಳುವುದು ಇಲ್ಲಿ ಬಹಳ ಮುಖ್ಯ, ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ. ಗುಳಿಯ ವ್ಯಾಸ 50 ಮಿ.ಮೀ., ಮಧ್ಯದಿಂದ ಮಧ್ಯಕ್ಕೆ 60. ಮೊದಲ ಗುಳಿಯ ಮಧ್ಯ ತುದಿಯಿಂದ 50 ಮಿ.ಮೀ. ಒಳಗೆ, ಅಂಚಿನಿಂದ 45.

ಮೂಲೆಮಟ್ಟ ಇಟ್ಟು ಏಳು ಅಡ್ಡಗೆರೆ, ಅಂಚಿನಿಂದ 45ಕ್ಕೆ ಎರಡು ಉದ್ದಗೆರೆ ಎಳೆಯಿರಿ. ಗೆರೆ ಎಳೆಯಲು ಪೆನ್ಸಿಲಿಗಿಂತ ಗುರುತು ಚಾಕು ಒಳ್ಳೆಯದು.

ಈಗ ಫೆನ್ಸ್, ಅಂದರೆ ಹಲಗೆಯ ಅಂಚನ್ನು ಒತ್ತಿ ಹಿಡಿಯಲು ಆನಿಕೆ. ನೇರವಾದ ಒಂದು ರೀಪರನ್ನು ಟೇಬಲ್ಲಿನ ಹಿಂಬದಿಗೆ, ಲೇಸರಿನ ಕೂಡುಗುರುತಿನಿಂದ ಸರಿಯಾಗಿ 45 ಮಿ.ಮೀ. ಹಿಂದೆ ಕ್ಲಾಂಪ್ ಮಾಡಿ. ಅದರ ಕೆಳಗಿನ ಅಂಚನ್ನು ಸ್ವಲ್ಪ ಕೆತ್ತಿಬಿಡಿ, ಮರದ ಪುಡಿ ಅಲ್ಲಿ ಸೇರಿಕೊಳ್ಳಲು ಜಾಗ ಬೇಕು. ಇಲ್ಲದಿದ್ದರೆ ಪುಡಿ ಹಲಗೆಗೂ ಫೆನ್ಸಿಗೂ ನಡುವೆ ಸಿಕ್ಕಿ ಒಂದೊಂದು ಗುಳಿಯೂ ಇಷ್ಟಿಷ್ಟೇ ಮುಂದಕ್ಕೆ ಬರುತ್ತದೆ, ತಪ್ಪು ಎಲ್ಲಿಂದ ಬಂತು ಎಂದು ಲೇಸರನ್ನು ಬೈಯುತ್ತಾ ಕೂರಬೇಕಾಗುತ್ತದೆ.

ಹಲಗೆಯ ಅಂಚನ್ನು ಫೆನ್ಸಿಗೆ ಒತ್ತಿ ಮೊದಲ ಗುರುತನ್ನು ಲೇಸರಿನಡಿ ತನ್ನಿ. ಲೇಸರುಗಳು ಎಡಬಲದಿಂದ ಓರೆಯಾಗಿ ಬರುವುದರಿಂದ ಅವು ಹಲಗೆಯ ಮೇಲೆ ಗುಣಾಕಾರದ ಗುರುತಿನ ಹಾಗೆ ಬೀಳುತ್ತವೆ, ನೀವು ಎಳೆದದ್ದು ಸಂಕಲನದ ಗುರುತು. ಇದು ಅನುಕೂಲವೇ. ಎಂಟು ಕಡ್ಡಿಗಳ ನಕ್ಷತ್ರದ ಹಾಗೆ ಕಾಣುವ ಅದರಲ್ಲಿ ಎಳೆದ ಗೆರೆಗಳ ನಡುವಿನ ನಾಲ್ಕು ಮೂಲೆಗಳನ್ನೂ ಲೇಸರ್ ಸರಿಪಾಲು ಮಾಡಬೇಕು. ಒಂದು ಮೂಲೆ ದೊಡ್ಡದು ಒಂದು ಸಣ್ಣದು ಕಂಡರೆ ಹಲಗೆ ಸರಿಸಿ. ಗೆರೆಯ ಮೇಲೆ ಗೆರೆ ಕೂರಿಸುವುದಕ್ಕಿಂತ ಈ ಮೂಲೆಗಳನ್ನು ಹೋಲಿಸುವುದು ಕಣ್ಣಿಗೆ ಎಷ್ಟೋ ಸುಲಭ.

ಹಲಗೆಯನ್ನು ಕ್ಲಾಂಪ್ ಮಾಡಿ. ಅಗಲ ಗುಳಿ ಕೊರೆಯುವ 50 ಮಿ.ಮೀ. ಫಾರ್ಸ್ಟನರ್ ಬಿಟ್ ಹಲಗೆಯನ್ನು ಕಚ್ಚಿದರೆ ಕೈ ಹಿಡಿತ ಯಾತಕ್ಕೂ ಸಾಲದು. ಬೆಲ್ಟನ್ನು ಅತಿ ನಿಧಾನದ ಪುಲ್ಲಿಗೆ ಹಾಕಿ. ಗಟ್ಟಿ ಮರಕ್ಕೆ ಇಷ್ಟು ದೊಡ್ಡ ಬಿಟ್ ನಿಮಿಷಕ್ಕೆ 500 ಸುತ್ತಿಗಿಂತ ಕಡಿಮೆಯಲ್ಲೇ ಓಡಬೇಕು. ವೇಗ ಹೆಚ್ಚಾದರೆ ಬಿಟ್ಟಿನ ಅಂಚು ನೀಲಿಯಾಗುತ್ತದೆ, ಮರ ಸುಟ್ಟ ವಾಸನೆ ಬರುತ್ತದೆ, ಆ ಕಪ್ಪನ್ನು ಆಮೇಲೆ ಉಜ್ಜಿ ತೆಗೆಯುವಷ್ಟರಲ್ಲಿ ಸಾಕೋ ಸಾಕು. ಆಳದ ತಡೆಯನ್ನು 18 ಮಿ.ಮೀ.ಗೆ ಬಿಗಿದು, ಸ್ವಲ್ಪ ಇಳಿಸಿ, ಎತ್ತಿ ಪುಡಿ ಹೊರಹಾಕಿ, ಮತ್ತೆ ಇಳಿಸಿ. ಮೋಟಾರಿನ ದನಿ ತಗ್ಗಿದರೆ ಕೈ ಸಡಿಲಿಸಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಏರುಪೇರಾಗುವ ದಿನ ದೊಡ್ಡ ಬಿಟ್ಟಿನ ಕೆಲಸವನ್ನೇ ಮುಂದೂಡಿ. ವೋಲ್ಟೇಜ್ ಬಿದ್ದಾಗ ಬಿಟ್ ಮರದಲ್ಲಿ ಸಿಕ್ಕಿ ನಿಂತರೆ ಮೋಟಾರಿನ ಕಾಯಿಲ್ ಸುಡುತ್ತದೆ.

ಏಳು ಗುಳಿ ಮುಗಿದ ಮೇಲೆ ಫೆನ್ಸ್ ಮುಟ್ಟಬೇಡಿ. ಹಲಗೆಯನ್ನು ಇದ್ದಲ್ಲೇ ಅರ್ಧ ಸುತ್ತು ತಿರುಗಿಸಿ, ಇನ್ನೊಂದು ಅಂಚನ್ನು ಅದೇ ಫೆನ್ಸಿಗೆ ಒತ್ತಿ ಎರಡನೆಯ ಸಾಲು ಕೊರೆಯಿರಿ. ಅಂಚುಗಳು ಸಮಾನಾಂತರ ಇದ್ದರೆ ಎರಡು ಸಾಲುಗಳೂ ಹಲಗೆಯ ನಡುವಿಗೆ ತಾವಾಗಿ ಸಮದೂರದಲ್ಲಿ ಬೀಳುತ್ತವೆ. ಹಲಗೆಯ ಅಗಲ 150ರ ಬದಲು 148 ಆಗಿದ್ದರೂ ಸಾಲುಗಳ ನಡುವೆ 60ರ ಬದಲು 58 ಬರುತ್ತದೆ ಅಷ್ಟೆ, ಓರೆ ಆಗುವುದಿಲ್ಲ. ಫಾರ್ಸ್ಟನರ್ ತಳವನ್ನು ಚಪ್ಪಟೆಯಾಗಿ ಬಿಡುತ್ತದೆ. ಹುಣಸೆ ಬೀಜ ಬೆರಳಿಗೆ ಸುಲಭವಾಗಿ ಸಿಗಬೇಕಾದರೆ ತಳವನ್ನು ಡೊಂಕು ಉಳಿಯಿಂದ ಬಟ್ಟಲಿನಾಕಾರಕ್ಕೆ ತಂದು ಪಾಲಿಷ್ ಪೇಪರ್ ಹೊಡೆಯಿರಿ.

ಬೇರೆ ಕೆಲಸಗಳಲ್ಲಿ

ಕಪಾಟಿನ ಬಾಗಿಲಿಗೆ ಹಾಕುವ ಆಟೋ ಹಿಂಜಿನ ಬಟ್ಟಲು 35 ಮಿ.ಮೀ. ಅಂಚಿನಿಂದ ಬಟ್ಟಲಿಗೆ 5 ಮಿ.ಮೀ. ಬಿಡುವುದಾದರೆ ಮಧ್ಯ 22.5ಕ್ಕೆ ಬರುತ್ತದೆ, ಫೆನ್ಸನ್ನು ಆ ಅಳತೆಗೆ ಕಟ್ಟಿ. ಎಷ್ಟು ಬಾಗಿಲಾದರೂ ಸರಸರನೆ ಆಗುವ ಕೆಲಸ.

ಉರುಟು ಸರಳಿಗೆ, ಕಾಫಿ ಗಿಡದ ಕೊಂಬೆಯಿಂದ ಮಾಡಿದ ಗೂಟ ಅಥವಾ ಊರುಗೋಲಿಗೆ ತೂತು ಹಾಕುವಾಗ ಲೇಸರಿನ ಬೆಲೆ ಗೊತ್ತಾಗುತ್ತದೆ. ಅಲ್ಲಿ ಪೆನ್ಸಿಲಿನಿಂದ ನೆತ್ತಿ ಗುರುತಿಸುವುದೇ ಕಷ್ಟ. ಮರದ ತುಂಡಿನಲ್ಲಿ ವಿ ಆಕಾರದ ತೋಡು ಕೊಯ್ದು, ಒಂದು ಲೇಸರ್ ಗೆರೆ ಆ ತೋಡಿನ ತಳದುದ್ದಕ್ಕೂ ಬೀಳುವ ಹಾಗೆ ತುಂಡನ್ನು ಓರೆಯಾಗಿ ತಿರುಗಿಸಿ ಕ್ಲಾಂಪ್ ಮಾಡಿ. ನೇರವಾದ ಉರುಟು ಸರಳನ್ನು ಅದರಲ್ಲಿಟ್ಟರೆ ಗೆರೆ ನೆತ್ತಿಯುದ್ದಕ್ಕೂ ತಾನೇ ಬರುತ್ತದೆ, ದಪ್ಪ ಎಷ್ಟೇ ಇರಲಿ.

ಮಣೆಗೆ ಓರೆ ಕಾಲು ಕೂರಿಸಲು ಟೇಬಲ್ ವಾಲಿಸಿ ಕೊರೆಯುವಾಗಲೂ, ಎರಡು ಎತ್ತರದಲ್ಲಿ ಹೊಂದಿಸಿದ ಲೇಸರ್ ಸುಳ್ಳು ಹೇಳುವುದಿಲ್ಲ. ಬಿಟ್ ಮಾತ್ರ ಓರೆ ಮೈಯಲ್ಲಿ ಜಾರುತ್ತದೆ, ಮೊನೆಯಿರುವ ಬಿಟ್ಟನ್ನೇ ಬಳಸಿ.

ಮಷೀನಿನ ಮುಂದೆ ಕೈಗವಸು ಬೇಡ, ಜೋಲುವ ಪಂಚೆಯ ತುದಿ, ದುಪಟ್ಟಾ, ಬಿಚ್ಚಿದ ಕೂದಲು ಬೇಡ. ಕಣ್ಣು ಲೇಸರಿನ ಮೇಲೆಯೇ ನೆಟ್ಟಿರುವುದರಿಂದ ಚಕ್ ಕೀಯನ್ನು ಚಕ್ಕಿನಲ್ಲೇ ಮರೆತು ಸ್ವಿಚ್ ಒತ್ತುವ ಅಪಾಯ ಹೆಚ್ಚು. ಕೀಯನ್ನು ತೆಗೆದು ಅದರ ಜಾಗದಲ್ಲಿ ಇಟ್ಟ ಮೇಲೆಯೇ ಲೇಸರ್ ಹಚ್ಚುವ ರೂಢಿ ಮಾಡಿಕೊಳ್ಳಿ.

ಪಾಲನೆ

ಲೇಸರಿನ ಬಾಯಿಗೆ ಪುಡಿ ಕೂತರೆ ಗೆರೆ ಒಡೆದ ಹಾಗೆ, ದಪ್ಪಗೆ ಕಾಣುತ್ತದೆ. ಬಾಯಿಂದ ಊದಬೇಡಿ, ಎಂಜಲು ಹಾರಿ ಮಸೂರಕ್ಕೆ ಕಲೆಯಾಗುತ್ತದೆ. ಮೆತ್ತನೆಯ ಬ್ರಷ್ ಸಾಕು, ಜಿಡ್ಡಿದ್ದರೆ ಕನ್ನಡಕ ಒರೆಸುವ ಬಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಕಂಬ ಮತ್ತು ಟೇಬಲ್ ತುಕ್ಕು ಹಿಡಿಯುತ್ತವೆ. ಕಂಬಕ್ಕೆ ಎಣ್ಣೆ ಸವರುವವರು ಲೇಸರ್ ಪಟ್ಟಿ ಕಚ್ಚಿರುವ ಜಾಗ ಬಿಟ್ಟು ಸವರಿ, ಎಣ್ಣೆ ಇಳಿದರೆ ಪಟ್ಟಿ ಜಾರುತ್ತದೆ. ಸೆಲ್ ಹಾಕುವ ಲೇಸರ್ ಆಗಿದ್ದರೆ ವಾರಗಟ್ಟಲೆ ಕೆಲಸವಿಲ್ಲದಾಗ ಸೆಲ್ ತೆಗೆದಿಡಿ.

ಮೊನೆಯ ಸರಳು ಮತ್ತು 40 ಮಿ.ಮೀ. ತುಂಡನ್ನು ಮಷೀನಿನ ಪಕ್ಕದಲ್ಲೇ ಒಂದು ಮೊಳೆಗೆ ನೇತುಹಾಕಿ. ಬೆಲ್ಟ್ ಬದಲಿಸಿದಾಗ, ಮಷೀನ್ ಜರುಗಿಸಿದಾಗ, ಬಿಟ್ ಮರದಲ್ಲಿ ಜೋರಾಗಿ ಕಚ್ಚಿ ಒದರಿದಾಗ ಕೆಳಗೊಂದು ಮೇಲೊಂದು ಚುಕ್ಕೆ ಚುಚ್ಚಿ ನೋಡಿ. ಒಮ್ಮೆ ಸರಿಯಾಗಿ ಹೊಂದಿಸಿದ್ದರೆ ಮರುಪರೀಕ್ಷೆಗೆ ಐದು ನಿಮಿಷವೂ ಹಿಡಿಯುವುದಿಲ್ಲ. ಒಂದೇ ಕಡೆಯ ಗೆರೆ ತಪ್ಪಿದ್ದರೆ ಅದನ್ನಷ್ಟೇ ಸರಿಪಡಿಸಿ, ಇನ್ನೊಂದರ ತಿರುಪು ಮುಟ್ಟಬೇಡಿ.